ಕಾಲು ಇಂಚಿನ ಗೀಚು

ದಿನಕ್ಕೆ 96 ಅಡಿ ಕಾಗದ. ನಾಲ್ಕು ಯಂತ್ರಗಳ ಪೆನ್ನುಗಳು ಹಗಲೂ ರಾತ್ರಿ ಅದರ ಮೇಲೆ ಗೆರೆ ಎಳೆಯುತ್ತಲೇ ಇದ್ದವು. ಆಕಾಶವನ್ನು ಒಂದು ಸುತ್ತು ಪೂರ್ತಿ ನೋಡಿ ಮುಗಿಸಲು ನಾಲ್ಕು ದಿನ ಬೇಕು, ಅಂದರೆ ಸುಮಾರು 400 ಅಡಿ ಕಾಗದ. ಆ 400 ಅಡಿಯಲ್ಲಿ ಒಂದು ಕಡೆ, ಬರೀ ಕಾಲು ಇಂಚು ಜಾಗದಲ್ಲಿ, ಗೆರೆ ಸ್ವಲ್ಪ ಕೆದರಿದಂತಿತ್ತು. ಅದನ್ನು ನೋಡಿಯೂ ನೋಡದ ಹಾಗೆ ಕಾಗದ ಮುಂದಕ್ಕೆ ಸುತ್ತಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ.

ಇದು 1967ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು. ಕಾಗದ ನೋಡುತ್ತಿದ್ದವರು ಜಾಸ್ಲಿನ್ ಬೆಲ್, 24 ವರ್ಷದ ಪಿಎಚ್‌ಡಿ ವಿದ್ಯಾರ್ಥಿನಿ. ಆ ಗೀಚಿನಿಂದ ಪಲ್ಸಾರ್ ಅನ್ನುವ ಹೊಸ ಜಾತಿಯ ನಕ್ಷತ್ರ ಸಿಕ್ಕಿತು. ಅದಕ್ಕೆ ನೊಬೆಲ್ ಬಂತು, ಆಕೆಗೆ ಬರಲಿಲ್ಲ. ಸಾಮಾನ್ಯವಾಗಿ ಈ ಕಥೆಯನ್ನು ಆ ಅನ್ಯಾಯದಿಂದ ಶುರುಮಾಡಿ ಅಲ್ಲೇ ಮುಗಿಸುತ್ತಾರೆ. ನನ್ನ ಕುತೂಹಲ ಅದಕ್ಕಿಂತ ಮುಂಚಿನದರ ಬಗ್ಗೆ. ಆಗಸ್ಟ್‌ನಿಂದ ಫೆಬ್ರವರಿವರೆಗಿನ ಆರು ತಿಂಗಳಲ್ಲಿ ಆ ಗೀಚು ಕೈತಪ್ಪಿ ಹೋಗಲು ಕಡಿಮೆ ಅಂದರೂ ನಾಲ್ಕು ಸಂದರ್ಭ ಬಂದಿದ್ದವು. ಪ್ರತಿ ಸಲವೂ ಅದು ಹೇಗೆ ಉಳಿದುಕೊಂಡಿತು?

ಕಂಬ ನೆಟ್ಟ ಕೈ

ಜಾಸ್ಲಿನ್ ಉತ್ತರ ಐರ್ಲೆಂಡಿನವರು. ಅಪ್ಪ ಕಟ್ಟಡ ವಿನ್ಯಾಸ ಮಾಡುವವರು, ಆರ್ಮಾ ಊರಿನ ತಾರಾಲಯದ ಕೆಲಸದಲ್ಲಿ ಅವರ ಪಾಲೂ ಇತ್ತು. ಮಗಳು 11ನೇ ವಯಸ್ಸಿನ ಪರೀಕ್ಷೆಯಲ್ಲಿ ಫೇಲಾದರು. ಶಾಲೆಯಲ್ಲಿ ಹುಡುಗರನ್ನು ವಿಜ್ಞಾನದ ಲ್ಯಾಬಿಗೂ ಹುಡುಗಿಯರನ್ನು ಅಡುಗೆ ಕ್ಲಾಸಿಗೂ ಕಳಿಸುತ್ತಿದ್ದರು. ಮನೆಯವರು ಹೋಗಿ ಜಗಳ ಮಾಡಿದ ಮೇಲೆ ಲ್ಯಾಬಿನ ಬಾಗಿಲು ತೆರೆಯಿತು. ಮುಂದೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಆನರ್ಸ್ ತರಗತಿಯಲ್ಲಿ ಅವರೊಬ್ಬರೇ ಹೆಣ್ಣು. ಒಳಗೆ ಕಾಲಿಟ್ಟರೆ ಸಾಕು, ಹುಡುಗರು ಸೀಟಿ ಹೊಡೆದು ಮೇಜು ಕುಟ್ಟುತ್ತಿದ್ದರು. ಮುಖ ಕೆಂಪಾಗದ ಹಾಗೆ ನಡೆದು ಹೋಗುವುದನ್ನು ಅಲ್ಲೇ ಕಲಿತೆ ಅಂತ ಅವರು ಎಷ್ಟೋ ಸಲ ಹೇಳಿದ್ದಾರೆ.

1965ರಲ್ಲಿ ಕೇಂಬ್ರಿಜ್‌ಗೆ ಬಂದಾಗ ಅವರಿಗೆ ಒಂದೇ ಭಯ: ಇವರು ತಪ್ಪಿ ನನ್ನನ್ನು ಸೇರಿಸಿಕೊಂಡಿದ್ದಾರೆ, ಇವತ್ತಲ್ಲ ನಾಳೆ ಹೊರಗೆ ಹಾಕುತ್ತಾರೆ. ಸರಿ, ಹಾಕುವವರೆಗೂ ಒಂದು ತಪ್ಪೂ ಆಗದ ಹಾಗೆ ಕೆಲಸ ಮಾಡೋಣ ಅಂತ ತೀರ್ಮಾನಿಸಿದರು. ಈ ಭಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೈಡ್ ಆಂಟನಿ ಹ್ಯೂಯಿಶ್. ಅವರ ಯೋಚನೆ ಸೊಗಸಾಗಿತ್ತು. ನಕ್ಷತ್ರ ಮಿನುಗುತ್ತದೆ, ಗ್ರಹ ಮಿನುಗುವುದಿಲ್ಲ ಅಂತ ಚಿಕ್ಕಂದಿನಲ್ಲಿ ಕೇಳಿದ್ದೇವಲ್ಲ. ಚುಕ್ಕೆಯಷ್ಟು ಸಣ್ಣದಾಗಿ ಕಾಣುವುದು ನಮ್ಮ ಗಾಳಿಯಲ್ಲಿ ನಡುಗುತ್ತದೆ, ತಟ್ಟೆಯ ಹಾಗೆ ಅಗಲ ಇರುವುದು ನಡುಗುವುದಿಲ್ಲ. ರೇಡಿಯೋ ಅಲೆಗಳಿಗೂ ಹೀಗೇ ಆಗುತ್ತದೆ. ಆದರೆ ಅಲ್ಲಿ ನಡುಗಿಸುವುದು ನಮ್ಮ ಗಾಳಿಯಲ್ಲ, ಸೂರ್ಯನಿಂದ ಸದಾ ಹೊರಗೆ ಹರಿಯುವ ಬಿಸಿ ಕಣಗಳ ಗಾಳಿ. ಹಾಗಾದರೆ ಮಿನುಗುವ ರೇಡಿಯೋ ಚುಕ್ಕೆಗಳನ್ನು ಹುಡುಕಿದರೆ ಬಹುದೂರದ ಕ್ವೇಸಾರ್‌ಗಳು, ಅಂದರೆ ದೂರದ ಗೆಲಾಕ್ಸಿಗಳ ನಡುವಿನ ಅತಿ ಪ್ರಖರ ಚುಕ್ಕೆಗಳು, ಸಿಗಬೇಕು. ಇದಕ್ಕೆ ಬಹಳ ದೊಡ್ಡ ಆಂಟೆನಾ ಬೇಕು, ಜೊತೆಗೆ ಸೆಕೆಂಡಿನ ಸಣ್ಣ ಪಾಲಿನಲ್ಲಿ ಆಗುವ ಏರಿಳಿತವನ್ನೂ ಹಿಡಿಯಬೇಕು. ಆಗಿನ ಹೆಚ್ಚಿನ ರೇಡಿಯೋ ಟೆಲಿಸ್ಕೋಪ್‌ಗಳು ಗೆರೆ ನಯವಾಗಿ ಬರಲಿ ಅಂತ ಇಂಥ ಏರಿಳಿತವನ್ನು ಬೇಕಂತಲೇ ಒರೆಸಿ ಹಾಕುತ್ತಿದ್ದವು.

ಆಂಟೆನಾ ಕಟ್ಟಿದ್ದು ವಿದ್ಯಾರ್ಥಿಗಳೇ. ಊರ ಹೊರಗೆ ನಾಲ್ಕೂವರೆ ಎಕರೆ ಹೊಲ, ಸಾವಿರಕ್ಕೂ ಜಾಸ್ತಿ ಮರದ ಕಂಬ, 2,048 ಡೈಪೋಲ್ ಆಂಟೆನಾ, 120 ಮೈಲಿಯಷ್ಟು ತಂತಿ ಮತ್ತು ಕೇಬಲ್. ಗೌರಿಬಿದನೂರಿನ ಹತ್ತಿರ ಹೊಲದಲ್ಲಿ ಸಾಲು ಸಾಲು ಆಂಟೆನಾ ನಿಂತಿರುವ ರೇಡಿಯೋ ವೀಕ್ಷಣಾಲಯ ನೋಡಿದವರಿಗೆ ಈ ಚಿತ್ರ ತಟ್ಟನೆ ಹೊಳೆಯುತ್ತದೆ. ನೋಡಿದರೆ ಟೆಲಿಸ್ಕೋಪ್ ಅನ್ನಿಸುವುದಿಲ್ಲ, ಬಟ್ಟೆ ಒಣಹಾಕಲು ತಂತಿ ಕಟ್ಟಿದ ಹಾಗೆ ಕಾಣುತ್ತದೆ. ಎರಡು ವರ್ಷ ಜಾಸ್ಲಿನ್ ಸುತ್ತಿಗೆ ಹಿಡಿದು ಕಂಬ ಹೊಡೆದರು, ಕೇಬಲ್ ಜೋಡಿಸಿದರು. ಹುಲ್ಲು ಬೆಳೆಯದ ಹಾಗೆ ನೋಡಿಕೊಳ್ಳುವ ಕೆಲಸ ಕುರಿಗಳದ್ದು. 1967ರ ಜುಲೈನಲ್ಲಿ ಆಂಟೆನಾ ಶುರುವಾಯಿತು. ಕೇಳುತ್ತಿದ್ದ ಕಂಪನಾಂಕ 81.5 ಮೆಗಾಹರ್ಟ್ಜ್. ಅದನ್ನು ನಡೆಸುವ ಕೆಲಸವೂ ಕಾಗದ ಓದುವ ಕೆಲಸವೂ ಜಾಸ್ಲಿನ್ ಪಾಲಿಗೆ ಬಂತು.

ಇಲ್ಲೊಂದು ತೀರ್ಮಾನವನ್ನು ಗಮನಿಸಬೇಕು. ಆಗಲೇ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಇತ್ತು. ಆದರೂ ಹೊಸ ಯಂತ್ರದ ಗುಣ ತಿಳಿಯುವವರೆಗೆ ಫಲಿತಾಂಶವನ್ನು ಕಣ್ಣಿನಿಂದಲೇ ಓದೋಣ ಅಂತ ತಂಡ ನಿರ್ಧರಿಸಿತು. ಬೇರೆ ಬೇರೆ ಬಗೆಯ ಗೆರೆಯನ್ನು ಮನುಷ್ಯ ಗುರುತಿಸುತ್ತಾನೆ, ಕಂಪ್ಯೂಟರ್‌ಗೆ ಅದನ್ನು ಹೇಳಿಕೊಡುವುದು ಕಷ್ಟ. ಆಗ ಕಂಪ್ಯೂಟರ್‌ಗೆ ಕೊಟ್ಟಿದ್ದರೆ ಏನಾಗುತ್ತಿತ್ತು? ಮಿನುಗುವುದನ್ನು ಎತ್ತಿಡು, ಗಲಾಟೆಯನ್ನು ಬಿಸಾಡು ಅಂತ ಬರೆದುಕೊಡುತ್ತಿದ್ದರು. ಈ ಗೀಚು ಎರಡೂ ಆಗಿರಲಿಲ್ಲ. ಅದು ಬಿಸಾಡುವ ಬುಟ್ಟಿಗೇ ಹೋಗುತ್ತಿತ್ತು ಅಂತ ನನ್ನ ಊಹೆ.

ಮಿನುಗೂ ಅಲ್ಲ, ಗಲಾಟೆಯೂ ಅಲ್ಲ

ನೂರಾರು ಅಡಿ ಓದಿದ ಮೇಲೆ ಜಾಸ್ಲಿನ್‌ಗೆ ಎರಡು ಬಗೆಯ ಗುರುತು ಕಣ್ಣಿಗೆ ರೂಢಿಯಾದವು. ಒಂದು ಕ್ವೇಸಾರ್‌ನ ಮಿನುಗು. ಇನ್ನೊಂದು ಮನುಷ್ಯರ ಗಲಾಟೆ: ವಾಹನದ ಎಂಜಿನ್ ಕಿಡಿ, ಯಾರದೋ ರೇಡಿಯೋ. ಆಗಸ್ಟ್ 6ರ ಕಾಗದದಲ್ಲಿ ಬಿದ್ದಿದ್ದು ಈ ಎರಡಕ್ಕೂ ಸೇರದ ಗೀಚು. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋದರು. ಕೆಲವು ವಾರ ಕಳೆದು ಅದೇ ತರಹದ್ದು ಮತ್ತೆ ಕಂಡಾಗ, ಅರೆ, ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಹಳೆಯ ಕಾಗದ ಬಿಚ್ಚಿ ನೋಡಿದರೆ ಆಕಾಶದ ಅದೇ ಜಾಗ.

ಇದು ಎಷ್ಟು ದೊಡ್ಡ ಸುಳಿವು ಅಂತ ಪಂಚಾಂಗ ನೋಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ನಕ್ಷತ್ರಗಳು ದಿನವೂ ನಾಲ್ಕು ನಿಮಿಷ ಬೇಗ ಹುಟ್ಟುತ್ತವೆ. ಊರಿನ ಗಡಿಯಾರದ ಪ್ರಕಾರ ಬದುಕುವ ಯಾವ ಮೋಟಾರೂ ನಾಲ್ಕು ನಿಮಿಷ ಬೇಗ ಏಳುವುದಿಲ್ಲ. ಇನ್ನೊಂದು ವಿಚಿತ್ರವೂ ಇತ್ತು. ಗೀಚು ಬರುತ್ತಿದ್ದದ್ದು ನಡುರಾತ್ರಿಯಲ್ಲಿ, ಆಂಟೆನಾ ಸೂರ್ಯನಿಗೆ ಬೆನ್ನು ಮಾಡಿದ್ದಾಗ. ಆ ದಿಕ್ಕಿನಲ್ಲಿ ಮಿನುಗು ತೀರಾ ಕಡಿಮೆ ಇರಬೇಕು.

ಹ್ಯೂಯಿಶ್ ಜೊತೆ ಮಾತಾಡಿದರು. ಕಾಗದವನ್ನು ಜೋರಾಗಿ ಓಡಿಸಿ ಗೀಚನ್ನು ಹಿಗ್ಗಿಸಿ ನೋಡೋಣ ಅಂತಾಯಿತು. ದಿನವಿಡೀ ಜೋರಾಗಿ ಓಡಿಸಿದರೆ ಕಾಗದಕ್ಕೆ ದುಡ್ಡು ಸಾಲದು. ಹಾಗಾಗಿ ಆ ಜಾಗ ತಲೆ ಮೇಲೆ ಬರುವ ಹೊತ್ತಿಗೆ ದಿನಾ ಹೊಲಕ್ಕೆ ಹೋಗಿ, ವೇಗದ ಸ್ವಿಚ್ ಹಾಕಿ, ಐದಾರು ನಿಮಿಷ ಬಿಟ್ಟು ಮತ್ತೆ ನಿಧಾನಕ್ಕೆ ತರಬೇಕು. ಜಾಸ್ಲಿನ್ ಹೋಗತೊಡಗಿದರು. ಗೀಚು ಮಾತ್ರ ಮಾಯ. ಒಂದು ದಿನ, ಎರಡು ದಿನ, ವಾರಗಟ್ಟಲೆ. ಅದು ಒಮ್ಮೆ ಭಗ್ಗನೆ ಉರಿದು ಆರುವ ನಕ್ಷತ್ರ ಇದ್ದಿರಬೇಕು, ಬಂದು ಹೋಯಿತು, ನೀನು ತಪ್ಪಿಸಿಕೊಂಡೆ ಅಂತ ಹ್ಯೂಯಿಶ್ ಅಂದರಂತೆ. ಗೈಡ್ ಹೀಗಂದ ಮೇಲೂ ಇನ್ನಷ್ಟು ದಿನ ಚಳಿಯಲ್ಲಿ ಹೊಲಕ್ಕೆ ಹೋಗುವ ವಿದ್ಯಾರ್ಥಿಗಳು ಎಷ್ಟು ಜನ? ಒಂದೇ ಒಂದು ದಿನ ಜಾಸ್ಲಿನ್ ಹೋಗಲಿಲ್ಲ. ಕೇಂಬ್ರಿಜ್‌ನಲ್ಲಿ ಒಂದು ಉಪನ್ಯಾಸ ಕೇಳುವ ಆಸೆಯಾಗಿತ್ತು. ಮರುದಿನ ಮಾಮೂಲಿ ಕಾಗದ ನೋಡಿದರೆ ಗೀಚು ಅವತ್ತೇ ಬಂದು ಹೋಗಿತ್ತು! ಅಲ್ಲಿಂದ ಮುಂದೆ ಅವರು ಒಂದು ದಿನವೂ ತಪ್ಪಿಸಲಿಲ್ಲ.

ನವೆಂಬರ್ 28ರಂದು ಅದು ಬಂತು. ಪೆನ್ನು ಒಂದೊಂದಾಗಿ ಮೊನೆ ಎಬ್ಬಿಸುತ್ತಾ ಹೋಯಿತು. ಟಿಕ್, ಟಿಕ್, ಟಿಕ್. ಕಾಗದ ಕೆಳಗೆ ಹಾಸಿ ಅಳೆದರೆ ಎಲ್ಲ ಮೊನೆಗಳ ನಡುವೆ ಒಂದೇ ಅಂತರ, ಸುಮಾರು ಒಂದೂ ಮೂರನೇ ಒಂದು ಸೆಕೆಂಡು.

"ಹಾಗಾದರೆ ಮುಗಿಯಿತು"

ಹ್ಯೂಯಿಶ್ ಆಗ ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಗಳಿಗೆ ಲ್ಯಾಬ್ ನಡೆಸುತ್ತಿದ್ದರು. ಜಾಸ್ಲಿನ್ ಫೋನ್ ಮಾಡಿದರು. ಹಾಗಾದರೆ ಮುಗಿಯಿತು, ಇದು ಮನುಷ್ಯರು ಮಾಡಿದ್ದೇ ಅನ್ನುವ ಅರ್ಥದ ಉತ್ತರ ಬಂತು. ಹ್ಯೂಯಿಶ್ ಹೇಳಿದ್ದರಲ್ಲಿ ತಪ್ಪೇನಿಲ್ಲ. ಒಂದು ನಕ್ಷತ್ರ ಒಂದೂ ಮೂರನೇ ಒಂದು ಸೆಕೆಂಡಿಗೊಮ್ಮೆ ಮಿಡಿಯುವುದು ಅಂದರೆ ಆನೆ ಗುಬ್ಬಚ್ಚಿಯ ಹಾಗೆ ರೆಕ್ಕೆ ಬಡಿದಂತೆ. ಆಗ ಗೊತ್ತಿದ್ದ ಯಾವ ನಕ್ಷತ್ರಕ್ಕೂ ಆ ಚುರುಕು ಸಾಧ್ಯವಿರಲಿಲ್ಲ. ಜಾಸ್ಲಿನ್ ಕೈಯಲ್ಲಿದ್ದದ್ದು ಒಂದೇ ವಾದ: ಇದು ನಕ್ಷತ್ರಗಳ ಗಡಿಯಾರ ಪಾಲಿಸುತ್ತಿದೆ.

ಹ್ಯೂಯಿಶ್‌ರ ದೊಡ್ಡತನ ನನಗೆ ಕಾಣುವುದು ಇಲ್ಲಿ. ಮರುದಿನ ಅವರೇ ಹೊಲಕ್ಕೆ ಬಂದು ಜಾಸ್ಲಿನ್ ಪಕ್ಕ ನಿಂತರು. ಅದೃಷ್ಟಕ್ಕೆ ಅವತ್ತೂ ಸಿಗ್ನಲ್ ಬಂತು. ಅಲ್ಲಿಂದ ಒಂದು ತಿಂಗಳು ನಡೆದದ್ದು ತಮ್ಮದೇ ಕೈಯಲ್ಲಿದ್ದ ಚಿನ್ನವನ್ನು ಇದು ಹಿತ್ತಾಳೆ, ಹಿತ್ತಾಳೆ ಅಂತ ಸಾಬೀತು ಮಾಡುವ ಪ್ರಯತ್ನ. ಚಂದ್ರನಿಗೆ ಬಡಿದು ವಾಪಸ್ ಬಂದ ರಾಡಾರ್ ಇರಬಹುದೇ? ವಿಚಿತ್ರ ಕಕ್ಷೆಯ ಉಪಗ್ರಹವೇ? ಆಂಟೆನಾದ ದಕ್ಷಿಣಕ್ಕಿದ್ದ ತಗಡಿನ ಕಟ್ಟಡದ ಚೇಷ್ಟೆಯೇ? ಯಾವುದೂ ಹೊಂದಲಿಲ್ಲ.

ಪಾಲ್ ಸ್ಕಾಟ್ ಮತ್ತು ರಾಬಿನ್ ಕಾಲಿನ್ಸ್ ಅದೇ ಆವರಣದ ಬೇರೊಂದು ಟೆಲಿಸ್ಕೋಪ್‌ನಿಂದ ನೋಡಿದರು. ಎಲ್ಲರೂ ಪೆನ್ನಿನ ಮುಂದೆ ನಿಂತರು. ಲೆಕ್ಕ ಹಾಕಿದ ಹೊತ್ತು ಬಂತು, ಹೋಯಿತು, ಏನೂ ಇಲ್ಲ. ಹ್ಯೂಯಿಶ್ ಯಾಕಿರಬಹುದು ಅಂತ ಯೋಚಿಸುತ್ತಾ ಹೊರಗೆ ನಡೆಯತೊಡಗಿದರು. ಅಷ್ಟರಲ್ಲಿ ಪೆನ್ನು ಟಿಕ್ ಅಂದಿತು. ಅದು ಎದುರಿಗೆ ಬರುವ ಹೊತ್ತಿನ ಲೆಕ್ಕದಲ್ಲಿ ಕೆಲವೇ ನಿಮಿಷದ ತಪ್ಪಾಗಿತ್ತು. ಹೀಗೆ ಜಾಸ್ಲಿನ್ ಕೈಯಾರೆ ಕಟ್ಟಿದ ತಂತಿಗಳದ್ದು ದೋಷವಲ್ಲ ಅಂತ ಖಾತ್ರಿಯಾಯಿತು.

ದೂರ ಅಳೆದವರು ಜಾನ್ ಪಿಲ್ಕಿಂಗ್ಟನ್. ಊರಿಂದ ಜಾತ್ರೆಗೆ ಒಟ್ಟಿಗೇ ಹೊರಟ ಗುಂಪು ಅಂದುಕೊಳ್ಳಿ. ಚುರುಕಾಗಿ ನಡೆಯುವವರು ಮೊದಲು ಮುಟ್ಟುತ್ತಾರೆ, ಮಕ್ಕಳು ಮರಿ ಹಿಂದೆ ಬರುತ್ತವೆ. ದಾರಿ ಉದ್ದವಾದಷ್ಟೂ ನಡುವಿನ ಅಂತರ ಜಾಸ್ತಿ. ನಕ್ಷತ್ರಗಳ ನಡುವಿನ ಬಯಲಿನಲ್ಲಿ ಚದುರಿರುವ ಎಲೆಕ್ಟ್ರಾನ್‌ಗಳು ರೇಡಿಯೋ ಅಲೆಗಳಿಗೂ ಹೀಗೇ ಮಾಡುತ್ತವೆ. ಹೆಚ್ಚಿನ ಕಂಪನಾಂಕ ಮೊದಲು ಬರುತ್ತದೆ, ಕಡಿಮೆಯದು ತಡವಾಗಿ ಬರುತ್ತದೆ. ಆ ತಡದಿಂದ ಲೆಕ್ಕ ಹಾಕಿದಾಗ ಸುಮಾರು 200 ಜ್ಯೋತಿರ್ವರ್ಷ ಅಂತ ಬಂತು. ಸೌರಮಂಡಲದ ಆಚೆ, ನಮ್ಮ ಆಕಾಶಗಂಗೆಯ ಒಳಗೆ. ಮಿಡಿತದ ಅಗಲ ನೋಡಿದರೆ ಮೂಲವು ಐದು ಸಾವಿರ ಕಿಲೋಮೀಟರಿಗಿಂತ ಚಿಕ್ಕದು, ಭೂಮಿಯ ಅರ್ಧಕ್ಕಿಂತಲೂ ಕಡಿಮೆ.

ಹಾಗಾದರೆ ಅಲ್ಲಿಂದ ಯಾರಾದರೂ ಕರೆಯುತ್ತಿದ್ದಾರಾ? ತಮಾಷೆಗೆ ಅದಕ್ಕೆ ಎಲ್‌ಜಿಎಂ-1 ಅಂತ ಹೆಸರಿಟ್ಟಿದ್ದರು, ಹಸಿರು ಬಣ್ಣದ ಪುಟಾಣಿ ಮನುಷ್ಯರು ಅಂತ ಅರ್ಥ. ತಮಾಷೆ ಅಂದರೂ ಹ್ಯೂಯಿಶ್ ಪರೀಕ್ಷೆ ಮಾಡಿಯೇ ನೋಡಿದರು. ಆ ಪುಟಾಣಿ ಮನುಷ್ಯರು ಗ್ರಹದ ಮೇಲೆ ಇದ್ದರೆ, ಗ್ರಹ ಸುತ್ತುವಾಗ ಮಿಡಿತದ ಅಂತರ ಸ್ವಲ್ಪ ಹಿಗ್ಗಿ ಕುಗ್ಗಬೇಕು. ಸಿಕ್ಕಿದ್ದು ನಮ್ಮ ಭೂಮಿಯ ಚಲನೆಯ ಗುರುತು ಮಾತ್ರ.

ಡಿಸೆಂಬರ್ 21ರ ರಾತ್ರಿ

ಕ್ರಿಸ್‌ಮಸ್‌ಗೆ ಮುಂಚೆ ಒಂದು ಸಂಜೆ ಜಾಸ್ಲಿನ್ ಏನೋ ಕೇಳಲು ಹ್ಯೂಯಿಶ್ ಕೋಣೆಗೆ ಹೋದರೆ, ಒಳಗೆ ಹಿರಿಯರ ಸಭೆ ನಡೆಯುತ್ತಿತ್ತು. ಈ ಫಲಿತಾಂಶವನ್ನು ಹೊರಗೆ ಹೇಗೆ ಹೇಳುವುದು ಅಂತ ಚರ್ಚೆ. ಅದನ್ನು ಕಂಡವರನ್ನೇ ಸಭೆಗೆ ಕರೆದಿರಲಿಲ್ಲ, ನೋಡಿ. ಏನೂ ತೀರ್ಮಾನವಾಗಲಿಲ್ಲ. ಜಾಸ್ಲಿನ್ ಸಿಟ್ಟಿನಿಂದಲೇ ಮನೆಗೆ ಹೋದರು. ಪಿಎಚ್‌ಡಿ ಮುಗಿಸುವ ಚಿಂತೆ ನನಗೆ, ಈ ಹಸಿರು ಮಂದಿಗೆ ಸಂದೇಶ ಕಳಿಸಲು ನನ್ನ ಆಂಟೆನಾನೇ ಬೇಕಿತ್ತಾ ಅಂತ.

ಊಟ ಮಾಡಿ ಮತ್ತೆ ಲ್ಯಾಬಿಗೆ ಬಂದರು. ಓದದೆ ಉಳಿದ ಕಾಗದ ರಾಶಿ ಬಿದ್ದಿತ್ತು. ಆಕಾಶದ ಬೇರೊಂದು ಭಾಗದ ಕಾಗದದಲ್ಲಿ, ಒಂದು ಜೋರಾದ ರೇಡಿಯೋ ಮೂಲದ ಗದ್ದಲದ ನಡುವೆ ಮತ್ತೆ ಅಂಥದೇ ಗೀಚು. ಹಳೆಯ ಕಾಗದ ತೆಗೆದರೆ ಅಲ್ಲೂ ಇತ್ತು. ಆ ಜಾಗ ಆಂಟೆನಾ ಎದುರಿಗೆ ಬರುವುದು ಬೆಳಗಿನ ಜಾವಕ್ಕೆ. ಮರುದಿನ ರಜೆಗೆ ಊರಿಗೆ ಹೊರಡಬೇಕು. ಆದರೂ ಹೊಲಕ್ಕೆ ಹೋದರು. ಆ ಚಳಿಗೆ ಯಂತ್ರ ಸರಿಯಾಗಿ ನಡೆಯಲಿಲ್ಲ. ಬೈದರು, ಸ್ವಿಚ್ ತಟ್ಟಿದರು, ಬಾಯಿಂದ ಬಿಸಿ ಉಸಿರು ಬಿಟ್ಟರು. ಐದು ನಿಮಿಷ ನಡೆಯಿತು. ಸರಿಯಾದ ಐದು ನಿಮಿಷ. ಮತ್ತೆ ಟಿಕ್, ಟಿಕ್, ಟಿಕ್. ಈ ಸಲ ಅಂತರ ಸುಮಾರು 1.2 ಸೆಕೆಂಡು.

ಎರಡು ಬೇರೆ ಬೇರೆ ದಿಕ್ಕಿನಲ್ಲಿರುವ ಹಸಿರು ಮಂದಿ, ಒಂದೇ ಕಾಲಕ್ಕೆ, ಒಂದೇ ಕಂಪನಾಂಕದಲ್ಲಿ ಈ ಸಾಧಾರಣ ಭೂಮಿಯನ್ನು ಕರೆಯಲು ಸಾಧ್ಯವಿಲ್ಲ ಅಲ್ವಾ? ಪ್ರಶ್ನೆ ಅಲ್ಲಿಗೆ ಮುಗಿಯಿತು. ಪ್ರಕರಣದ ತಿರುವು ಯಾವುದು ಅಂತ ಕೇಳಿದರೆ ನಾನು ಮೊದಲನೇ ಗೀಚನ್ನು ಹೇಳುವುದಿಲ್ಲ, ಈ ಎರಡನೆಯದನ್ನೇ ಹೇಳುತ್ತೇನೆ. ಒಂದೇ ಇದ್ದರೆ ಅದು ಒಗಟು. ಎರಡಾದಾಗ ಒಂದು ಜಾತಿ. ರಜೆಯಲ್ಲಿ ಹ್ಯೂಯಿಶ್ ತಾವೇ ಯಂತ್ರಕ್ಕೆ ಕಾಗದ, ಶಾಯಿ ತುಂಬಿ, ಬಂದ ಕಾಗದವನ್ನು ಜಾಸ್ಲಿನ್ ಮೇಜಿನ ಮೇಲೆ ಪೇರಿಸುತ್ತಾ ಹೋದರು. ಜನವರಿಯಲ್ಲಿ ವಾಪಸ್ ಬಂದು ಓದಿದರೆ ಇನ್ನೂ ಎರಡು.

ಹೆಸರು, ಫೋಟೋ, ಬಹುಮಾನ

1968ರ ಫೆಬ್ರವರಿ 24ರಂದು ನೇಚರ್ ಪತ್ರಿಕೆಯಲ್ಲಿ ಪ್ರಬಂಧ ಬಂತು. ಐದು ಹೆಸರು, ಹ್ಯೂಯಿಶ್ ಮೊದಲು, ಬೆಲ್ ಎರಡನೆಯದು. ಪತ್ರಕರ್ತರು ಓಡಿ ಬಂದರು. ಭೌತಶಾಸ್ತ್ರದ ಪ್ರಶ್ನೆ ಹ್ಯೂಯಿಶ್‌ಗೆ. ನಿಮಗೆ ಎಷ್ಟು ಜನ ಬಾಯ್‌ಫ್ರೆಂಡ್, ರಾಜಕುಮಾರಿ ಮಾರ್ಗರೆಟ್‌ಗಿಂತ ನೀವು ಎತ್ತರವೇ ಅನ್ನುವ ಪ್ರಶ್ನೆ ಜಾಸ್ಲಿನ್‌ಗೆ. ಪಲ್ಸಾರ್ ಅನ್ನುವ ಹೆಸರು ಕೊಟ್ಟದ್ದೂ ಒಬ್ಬ ಪತ್ರಕರ್ತರೇ. ಜಾಸ್ಲಿನ್‌ರ ಪಿಎಚ್‌ಡಿ ಪ್ರಬಂಧದ ವಿಷಯ ಮೊದಲೇ ನಿಗದಿಯಾಗಿತ್ತು, ಮಿನುಗುವ ಮೂಲಗಳು. ಪಲ್ಸಾರ್‌ಗೆ ಸಿಕ್ಕಿದ್ದು ಕೊನೆಯ ಅನುಬಂಧ!

ಅದು ಏನು ಅನ್ನುವುದು ಆ ವರ್ಷವೇ ಬಗೆಹರಿಯಿತು. ಥಾಮಸ್ ಗೋಲ್ಡ್ ಇದು ಗಿರಗಿರ ತಿರುಗುವ ನ್ಯೂಟ್ರಾನ್ ನಕ್ಷತ್ರ ಅಂದರು. ಸಿಡಿದ ನಕ್ಷತ್ರದ ಕುಸಿದ ತಿರುಳು ಅದು. ಸೂರ್ಯನಷ್ಟು ತೂಕ ಒಂದು ಊರಿನಷ್ಟು ಜಾಗದಲ್ಲಿ. 1968 ಮುಗಿಯುವ ಮೊದಲೇ, ಸಿಡಿದ ನಕ್ಷತ್ರವೊಂದರ ಅವಶೇಷವಾದ ಕ್ರ್ಯಾಬ್ ನೆಬ್ಯುಲಾದ ನಡುವೆ ಸೆಕೆಂಡಿಗೆ 30 ಸಲ ಮಿಡಿಯುವ ಪಲ್ಸಾರ್ ಸಿಕ್ಕಿತು.

1974ರ ಭೌತಶಾಸ್ತ್ರ ನೊಬೆಲ್ ಹ್ಯೂಯಿಶ್ ಮತ್ತು ಅದೇ ಕೇಂಬ್ರಿಜ್ ಗುಂಪಿನ ಮುಖ್ಯಸ್ಥ ಮಾರ್ಟಿನ್ ರೈಲ್ ಇಬ್ಬರಿಗೆ ಬಂತು. ಪಲ್ಸಾರ್ ಕಂಡುಹಿಡಿಯುವುದರಲ್ಲಿ ನಿರ್ಣಾಯಕ ಪಾತ್ರಕ್ಕಾಗಿ ಅಂತ ಹ್ಯೂಯಿಶ್ ಹೆಸರಿನ ಮುಂದಿತ್ತು. ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಬಹಿರಂಗವಾಗಿ ತಕರಾರು ಎತ್ತಿದರು. ಜಾಸ್ಲಿನ್ ಮಾತ್ರ, ವಿದ್ಯಾರ್ಥಿಗಳಿಗೆ ನೊಬೆಲ್ ಕೊಡುವುದು ತೀರಾ ಅಪರೂಪಕ್ಕೆ ಇರಬೇಕು, ನನ್ನದು ಅಂಥದ್ದಲ್ಲ ಅಂತ 1977ರಲ್ಲಿ ಹೇಳಿದರು. ಹ್ಯೂಯಿಶ್ ಕೊಡುತ್ತಿದ್ದ ಹೋಲಿಕೆ ಹಡಗಿನದ್ದು: ಅಮೆರಿಕ ಕಂಡುಹಿಡಿದದ್ದು ಕೊಲಂಬಸನೋ, ಕಂಬದ ಮೇಲಿಂದ ನೆಲ ಕಂಡಿತು ಅಂತ ಕೂಗಿದವನೋ? ಹೋಲಿಕೆ ಚೆನ್ನಾಗಿದೆ. ಆದರೆ ಇಲ್ಲಿ ಕೂಗಿದವರೇ ಆ ಕಂಬವನ್ನೂ ನೆಟ್ಟಿದ್ದರು. ಅದು ಮೋಡ ಕಣೇ ಅಂತ ಕ್ಯಾಪ್ಟನ್ ಅಂದಾಗ ಅಲ್ಲ ಅಂದವರೂ ಅವರೇ. ಒಂದು ನೊಬೆಲ್ ಅನ್ನು ಮೂವರು ಹಂಚಿಕೊಳ್ಳಬಹುದು. ಆ ವರ್ಷ ಮೂರನೇ ಕುರ್ಚಿ ಖಾಲಿ ಇತ್ತು. ಹ್ಯೂಯಿಶ್‌ರದ್ದನ್ನು ಕಿತ್ತು ಕೊಡಬೇಕಿತ್ತು ಅಂತ ನಾನು ಹೇಳುತ್ತಿಲ್ಲ, ಆ ಆಂಟೆನಾದ ಯೋಚನೆ ಅವರದೇ. 1993ರಲ್ಲಿ, ಜೊತೆಗಾರ ನಕ್ಷತ್ರದೊಡನೆ ಸುತ್ತುವ ಪಲ್ಸಾರ್‌ಗೆ ನೊಬೆಲ್ ಬಂದಾಗ ಗೈಡ್ ಜೋಸೆಫ್ ಟೇಲರ್ ಜೊತೆಗೆ, ಅದು ಸಿಕ್ಕಾಗ ವಿದ್ಯಾರ್ಥಿಯಾಗಿದ್ದ ರಸೆಲ್ ಹಲ್ಸ್‌ಗೂ ಕೊಟ್ಟರು.

2018ರಲ್ಲಿ ಜಾಸ್ಲಿನ್‌ಗೆ 30 ಲಕ್ಷ ಡಾಲರ್‌ನ ವಿಶೇಷ ಬ್ರೇಕ್‌ಥ್ರೂ ಪ್ರಶಸ್ತಿ ಬಂತು. ಅಷ್ಟನ್ನೂ ಭೌತಶಾಸ್ತ್ರದಲ್ಲಿ ಅವಕಾಶ ಕಡಿಮೆ ಇರುವ ಗುಂಪುಗಳ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕೊಟ್ಟುಬಿಟ್ಟರು. ಕಾರಣ ಕೇಳಿದರೆ ಅವರು ಹೋಗುವುದು ಕೇಂಬ್ರಿಜ್‌ನ ಆ ಮೊದಲ ದಿನಗಳಿಗೇ. ಹೊರಗೆ ಹಾಕುತ್ತಾರೆ ಅಂತ ಹೆದರಿದವಳು ಕಾಗದದ ಪ್ರತಿ ಇಂಚನ್ನೂ ನೋಡಿದಳು. ಒಳಗಿನವರಿಗೆ ಕಾಣದ್ದು ಹೊರಗಿನಿಂದ ಬಂದವರಿಗೆ ಕಾಣಬಹುದು ಅನ್ನುವುದು ಅವರ ಲೆಕ್ಕ.

ಇಲ್ಲಿ ಇನ್ನೊಬ್ಬರ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅದೇ 1967ರ ಬೇಸಿಗೆಯಲ್ಲಿ, ಅಲಾಸ್ಕಾದಲ್ಲಿ ಅಮೆರಿಕದ ವಾಯುಪಡೆಯ ರಾಡಾರ್ ನೋಡುತ್ತಿದ್ದ ಚಾರ್ಲ್ಸ್ ಶಿಸ್ಲರ್ ಕೂಡ ಮಿಡಿತಗಳನ್ನು ಕಂಡಿದ್ದರು. ದಿನಾ ನಾಲ್ಕು ನಿಮಿಷ ಬೇಗ ಬರುವುದನ್ನೂ ಗುರುತಿಸಿದ್ದರು. ಆದರೆ ಅದು ಸೇನೆಯ ಗುಟ್ಟು. 2007ರವರೆಗೆ ಬಾಯಿ ಬಿಡಲಾಗಲಿಲ್ಲ. ಕಂಡದ್ದನ್ನು ಮರುದಿನ ಇನ್ನೊಬ್ಬರು ಬಂದು ಪಕ್ಕ ನಿಂತು ನೋಡುವ ವ್ಯವಸ್ಥೆ ಜಾಸ್ಲಿನ್‌ಗೆ ಇತ್ತು, ಶಿಸ್ಲರ್‌ಗೆ ಇರಲಿಲ್ಲ.

ಬೆಂಗಳೂರು, ಹುಬ್ಬಳ್ಳಿ, ಮತ್ತು ಅದೇ ಆಕಾಶ

ಪಲ್ಸಾರ್ ಅಂದರೆ ದೀಪಸ್ತಂಭದ ಹಾಗೆ ತಿರುಗುವ ಕಿರಣ ಅಂತ ನಾವು ಈಗ ಸಲೀಸಾಗಿ ಹೇಳುತ್ತೇವೆ. ಆ ಚಿತ್ರ ಗಟ್ಟಿಯಾಗಲು ಬೇಕಾದ ಬಲವಾದ ಸಾಕ್ಷಿ ಕೊಟ್ಟವರಲ್ಲಿ ಒಬ್ಬರು ವಿ. ರಾಧಾಕೃಷ್ಣನ್, ಸಿ.ವಿ. ರಾಮನ್ ಅವರ ಮಗ. ಆಸ್ಟ್ರೇಲಿಯಾದ ಪಾರ್ಕ್ಸ್ ಟೆಲಿಸ್ಕೋಪ್‌ನಲ್ಲಿ ವೇಲಾ ಪಲ್ಸಾರ್‌ನ ಅಲೆಗಳ ಧ್ರುವೀಕರಣ, ಅಂದರೆ ಅಲೆ ಕಂಪಿಸುವ ದಿಕ್ಕು, ಪ್ರತಿ ಮಿಡಿತದಲ್ಲೂ ನಯವಾಗಿ ತಿರುಗುವುದನ್ನು ಅವರ ತಂಡ 1969ರಲ್ಲಿ ತೋರಿಸಿತು. ಕಾಂತ ಧ್ರುವದ ಮೇಲಿಂದ ಹೊರಟ ಕಿರಣ ನಮ್ಮನ್ನು ದಾಟಿ ಹೋಗುತ್ತಿದೆ ಅಂದರೆ ಹಾಗೇ ಕಾಣಬೇಕು. 1972ರಲ್ಲಿ ಅವರು ಬೆಂಗಳೂರಿಗೆ ಬಂದು ಅಪ್ಪ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯನ್ನು ವಹಿಸಿಕೊಂಡರು.

ಹತ್ತು ವರ್ಷ ಕಳೆದು, 1982ರಲ್ಲಿ, ಇನ್ನೊಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಸರದಿ. ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ ಆಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದರು. ಡಾನ್ ಬ್ಯಾಕರ್ ಮತ್ತು ಅವರ ತಂಡ ಒಂದು ಹಠಮಾರಿ ರೇಡಿಯೋ ಮೂಲದ ಹಿಂದೆ ಬಿದ್ದಿತ್ತು. ಅದರ ಜಾಗದಲ್ಲಿ ಮಿನುಗಬಾರದು, ಆದರೂ 81 ಮೆಗಾಹರ್ಟ್ಜ್‌ನಲ್ಲಿ ಅದು ಮಿನುಗುತ್ತಿತ್ತು. ಹ್ಯೂಯಿಶ್ ಹುಡುಕುತ್ತಿದ್ದ ಅದೇ ಮಿನುಗು. ಪೋರ್ಟೊ ರಿಕೋ ದ್ವೀಪದ ಅರೆಸಿಬೋದ ದೊಡ್ಡ ಟೆಲಿಸ್ಕೋಪ್‌ನಿಂದ ನೋಡಿದರೆ ಅದು ಸೆಕೆಂಡಿಗೆ 642 ಸಲ ತಿರುಗುವ ಪಲ್ಸಾರ್. ಇಷ್ಟು ವೇಗ ಹೇಗೆ ಬಂತು? ಮುದಿ ಪಲ್ಸಾರ್ ಜೊತೆಗಾರ ನಕ್ಷತ್ರದಿಂದ ವಸ್ತು ಎಳೆದುಕೊಂಡು ಮತ್ತೆ ಚುರುಕಾಗಿದೆ ಅಂತ ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಅದೇ ವರ್ಷ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು.

ಆ ಪಲ್ಸಾರ್ ಇರುವುದು ಆಕಾಶದ ಪುಟ್ಟ ನರಿ ಅನ್ನುವ ಮಂಕು ನಕ್ಷತ್ರಪುಂಜದಲ್ಲಿ. ಜಾಸ್ಲಿನ್ ಕಂಡ ಮೊದಲನೆಯದೂ ಅಲ್ಲೇ ಇದೆ. ನಡುವೆ ನಾಲ್ಕು ಡಿಗ್ರಿ ಚಿಲ್ಲರೆ ದೂರ, ಕೈ ಚಾಚಿ ಮೂರು ಬೆರಳು ಹಿಡಿದರೆ ಎರಡೂ ಮುಚ್ಚಿಹೋಗುತ್ತವೆ. ಕುರಿ ಮೇಯುತ್ತಿದ್ದ ಆ ಹೊಲದ ಮೇಲೆ ಮೊದಲನೆಯದು ದಾಟಿ ಇಪ್ಪತ್ತು ನಿಮಿಷದೊಳಗೆ ಇನ್ನೊಂದೂ ದಿನಾ ದಾಟಿ ಹೋಗುತ್ತಿತ್ತು. ಸೆಕೆಂಡಿಗೆ 642 ಸಲ ಕುಣಿಯುವುದು ಆ ಪೆನ್ನಿನ ಕೈಲಿ ಆಗುವ ಕೆಲಸವಾಗಿರಲಿಲ್ಲ.